ಅತ್ತೆಮ್ಮನ ನೀಲಿ ನೀರು

ನಮ್ಮ ಅತ್ತೆ ವರದಮ್ಮನವರು ಬಡಿಸಿದಾಗ ಒಂದೇ ಊಟ ಮಾಡಿ ಎದ್ದವರನ್ನು ನಾನು ನೋಡಿಲ್ಲ. ಎರಡು ಊಟವನ್ನು ಒಂದೇ ಎಲೆಯಲ್ಲಿ ಮುಗಿಸಿ, ಗೋಡೆ ಹಿಡಿದುಕೊಂಡು ಎದ್ದವರನ್ನು ಬೇಕಾದಷ್ಟು ನೋಡಿದ್ದೇನೆ. ಸಾಕು ಎಂದು ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಸಾರು ಬಿಡುತ್ತಿದ್ದರು. ಎಲೆಯ ಮೇಲೆ ಬಗ್ಗಿ ಮುಚ್ಚಿಕೊಂಡರೆ ಬೆನ್ನು ತಟ್ಟಿ, "ನಾಚ್ಕೆ ಎಂತಕ್ಕೆ?" ಎಂದು ಕೇಳುತ್ತಿದ್ದರು. ಒಮ್ಮೆ ಜಮೀನು ಅಳೆಯಲು ಬಂದ ಶಾನುಭೋಗರು ಮಧ್ಯಾಹ್ನ ನಮ್ಮಲ್ಲಿ ಉಂಡು ಜಗಲಿಯಲ್ಲಿ ಒರಗಿದವರು ಸಂಜೆಗೆ ಎದ್ದು, ಅಳತೆಯನ್ನು ಮರುದಿನಕ್ಕೆ ಇಟ್ಟುಕೊಂಡರು. ಮರುದಿನ ಬರಲೇ ಇಲ್ಲ. ಇದನ್ನು ಅತ್ತೆ ತಮ್ಮ ಜೀವಮಾನದ ಗೆಲುವು ಎಂಬಂತೆ ಹೇಳಿಕೊಳ್ಳುತ್ತಿದ್ದರು.

ಹೆಬ್ಬಲಸುಕೊಪ್ಪದ ಆ ಮನೆಗೆ ನಾನು ಸೊಸೆಯಾಗಿ ಬಂದದ್ದು ಅರವತ್ತಮೂರನೇ ಇಸವಿಯಲ್ಲಿ. ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವ ಬಸ್ಸಿನಿಂದ ಇಳಿದು ಗದ್ದೆಬಯಲು ದಾಟಿದರೆ ನಮ್ಮೂರು. ನನ್ನ ತವರು ಸಾಗರದ ಕಡೆ. ನಾನು ಚಿಕ್ಕವಳಿರುವಾಗಲೇ ತಾಯಿ ತೀರಿಹೋಗಿದ್ದರು. ಅಪ್ಪ ಮಾಡಿ ಹಾಕಿದ ಗಂಜಿಯಲ್ಲಿ ಬೆಳೆದವಳು ಹೇಗಿರಬೇಕೋ ಹಾಗೇ ಇದ್ದೆ. ಮನೆತುಂಬಿಸಿಕೊಂಡ ದಿನ ಅತ್ತೆ ನನ್ನ ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಮಗನ ಕಡೆ ತಿರುಗಿ, "ಇವಳನ್ನ ಒಂದು ವರ್ಷ ನಂಗೆ ಬಿಡು" ಎಂದರು. ನನ್ನ ಗಂಡ ಶೇಷಪ್ಪ ಏನೂ ಹೇಳಲಿಲ್ಲ. ಮಾವನೂ ಏನೂ ಹೇಳಲಿಲ್ಲ. ಮಾವನಿಗೆ ಮೊದಲಿಂದಲೂ ಮಾತು ಕಮ್ಮಿ. ಅವರು ಬಾಯಿ ತೆರೆದಾಗಲೆಲ್ಲ ಅತ್ತೆ ಅದರೊಳಗೆ ಏನಾದರೂ ಹಾಕುತ್ತಿದ್ದುದೇ ಅದಕ್ಕೆ ಕಾರಣವಿರಬೇಕು.

ಮರುವರ್ಷ ನಾನು ಬಸುರಿಯಾದೆ. ಅತ್ತೆಗೆ ಅದು ಅಪ್ಪಣೆ ಸಿಕ್ಕಿದ ಹಾಗಾಯಿತು. ಬೆಳಿಗ್ಗೆ ದೋಸೆಗೆ ಜೋನಿಬೆಲ್ಲ. ಒಂದು ದೋಸೆಗೆ ಒಂದು ಸೌಟು. ಹತ್ತು ಗಂಟೆಗೆ ತುಪ್ಪ ಹಾಕಿದ ಅವಲಕ್ಕಿ. ಮಧ್ಯಾಹ್ನ ಮಿಲ್ಲಿನ ಬಿಳಿ ಅಕ್ಕಿಯ ಅನ್ನ. ಆಗ ತೀರ್ಥಹಳ್ಳಿಯ ಮಿಲ್ಲಿನಲ್ಲಿ ಅಕ್ಕಿ ಮಾಡಿಸುವುದು ಹೊಸದು. ಆಳುಗಳಿಗೆ ಮನೆಯಲ್ಲಿ ಕುಟ್ಟಿದ ಕೆಂಪಕ್ಕಿ, ಮನೆಯವರಿಗೆ ಮಿಲ್ಲಿನ ಬಿಳಿ ಅಕ್ಕಿ ಎಂದು ಅತ್ತೆ ಬೇರೆ ಬೇರೆ ಕಣಜ ಮಾಡಿದ್ದರು. ಬಯಕೆ ಊಟಕ್ಕೆ ಕರೆದ ಒಂದು ಮನೆಯನ್ನೂ ಬಿಡಲಿಲ್ಲ. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ನನಗೆ ಬಯಕೆ ಇಲ್ಲದಿದ್ದರೂ ಊರಿನ ಹೆಂಗಸರು ನನ್ನ ಪರವಾಗಿ ತಾವೇ ಬಯಸಿ, ಮಾಡಿ, ತಿನ್ನಿಸಿದರು.

ನನ್ನ ಹೊಟ್ಟೆ ಊರಿಗೇ ದೊಡ್ಡದಾಯಿತು. ಪಕ್ಕದ ಮನೆಯ ಪುಷ್ಪಮ್ಮ, ಬಡಿಸುವುದರಲ್ಲಿ ನಮ್ಮ ಅತ್ತೆಗೆ ಸಮಕ್ಕೆ ನಿಲ್ಲುತ್ತಿದ್ದ ಒಬ್ಬರೇ ಒಬ್ಬರು, ಬಂದು ನೋಡಿ, "ಅವಳಿ ಇರ್ಬೇಕು ವರದಕ್ಕ" ಎಂದು ಒಪ್ಪಿಕೊಂಡರು. ಅತ್ತೆ ಆ ವಾರವೆಲ್ಲ ನೆಲದ ಮೇಲೆ ನಡೆಯಲಿಲ್ಲ.

ಅವಳಿ ಇರಲಿಲ್ಲ. ಒಂದೇ ಗಂಡುಮಗು, ಮೂರು ತಿಂಗಳ ಕೂಸಿನಷ್ಟು ದೊಡ್ಡದು. ಹೆರಿಗೆ ಮನೆಯಲ್ಲೇ ಆಯಿತು. ತುಂಬ ಹೊತ್ತು ಹಿಡಿಯಿತು. ಮಗು ಅಳಲಿಲ್ಲ. ಸೂಲಗಿತ್ತಿ ತಲೆಕೆಳಗಾಗಿ ಹಿಡಿದು ತಟ್ಟಿದಳು, ತಣ್ಣೀರು ಚಿಮುಕಿಸಿದಳು. ಅತ್ತೆ ಬಾಗಿಲಲ್ಲಿ ನಿಂತು, "ಅಳು ಮಗಾ, ಒಂದ್ಸಲ ಅಳು" ಎಂದು ಬೇಡಿಕೊಂಡದ್ದು ನನಗೆ ಕೇಳುತ್ತಿತ್ತು. ಅದು ಅಳಲೇ ಇಲ್ಲ. ಅಷ್ಟು ಚೆನ್ನಾಗಿದ್ದ ಮಗುವಿಗೆ ಯಾರದೋ ಕಣ್ಣು ಬಿತ್ತು ಎಂದು ಊರು ತೀರ್ಮಾನಿಸಿತು. ಅತ್ತೆಯೂ ನಂಬಿದರು, ನಾನೂ ನಂಬಿದೆ. ನಂಬದೆ ಇನ್ನೇನು ಮಾಡಲು ಬರುತ್ತಿತ್ತು?

ಅರವತ್ತಾರರಲ್ಲಿ ಮತ್ತೆ ಬಸುರಿಯಾದಾಗ ಅತ್ತೆ ಪಾಠ ಕಲಿತಿದ್ದರು. ಯಾರ ಕಣ್ಣಿಗೂ ಬೀಳದ ಹಾಗೆ ನನ್ನನ್ನು ಒಳಕೋಣೆಯಲ್ಲಿ ಕೂರಿಸಿ, ಬಾಗಿಲು ಹಾಕಿ ತಿನ್ನಿಸಿದರು. ಆದರೆ ಈ ಸಲ ನನ್ನ ಗಂಡ ಒಂದು ಹಟ ಹಿಡಿದರು. ಮದುವೆಯಾದ ಮೇಲೆ ಅವರು ಹಿಡಿದ ಮೊದಲನೇ ಹಟ ಅದು. "ತೀರ್ಥಹಳ್ಳಿಗೆ ಲೇಡಿ ಡಾಕ್ಟ್ರು ಬಂದಿದಾರೆ. ಒಂದ್ಸಲ ತೋರ್ಸಿ ಬರೋದೇ" ಎಂದರು. ಅತ್ತೆಗೆ ಇಷ್ಟವಿರಲಿಲ್ಲ. ಆದರೂ ಸೊಸೆಯನ್ನು ಬೇರೆಯವರ ಕೈಗೆ ಒಪ್ಪಿಸಿ ಮನೆಯಲ್ಲಿ ಕೂರುವ ಜನ ಅವರಲ್ಲ. ಬುತ್ತಿ ಕಟ್ಟಿಕೊಂಡು ತಾವೂ ಹೊರಟರು. ಡಾಕ್ಟರಿಗೆ ಕೊಡಲೆಂದು ಒಂದು ತಂಬಿಗೆ ಜೋನಿಬೆಲ್ಲವನ್ನೂ ಹಿಡಿದುಕೊಂಡರು.

ಡಾಕ್ಟರ್ ವನಮಾಲಾ ಮೈಸೂರಿನ ಕಡೆಯವರು. ಸಣ್ಣ ವಯಸ್ಸು, ಸಣ್ಣ ದೇಹ. ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿ, ಇವರಿಗೆ ಯಾರೂ ಸರಿಯಾಗಿ ಊಟ ಹಾಕಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದರು. ಡಾಕ್ಟರು ನನ್ನ ಮೂತ್ರದ ಕೆಲವು ಹನಿಗಳನ್ನು ಗಾಜಿನ ನಳಿಗೆಯೊಳಗಿದ್ದ ನೀಲಿ ಔಷಧಿಗೆ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಹಿಡಿದರು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ಕಡೆಗೆ ಹೆಂಚಿನ ಬಣ್ಣಕ್ಕೆ ತಿರುಗಿ ನಿಂತಿತು. ಅತ್ತೆ ಮೆಚ್ಚಿಕೊಂಡು ನೋಡುತ್ತಿದ್ದರು.

"ಸಕ್ಕರೆ ಇದೆ" ಎಂದರು ಡಾಕ್ಟರು. "ಕೆಲವರಿಗೆ ಬಸುರಿಯಾದಾಗ ಮಾತ್ರ ಬರುತ್ತೆ, ಹೆರಿಗೆ ಆದ್ಮೇಲೆ ಹೋಗುತ್ತೆ. ಆದ್ರೆ ಅಲ್ಲೀವರೆಗೆ ಹುಷಾರಾಗಿರ್ಬೇಕು. ತಾಯಿ ರಕ್ತದಲ್ಲಿ ಸಕ್ಕರೆ ಜಾಸ್ತಿ ಆದ್ರೆ ಮಗು ಅಳತೆ ಮೀರಿ ಬೆಳೆಯುತ್ತೆ. ನೋಡೋಕೆ ದೊಡ್ಡದಾಗಿರುತ್ತೆ, ಒಳಗೆ ತ್ರಾಣ ಇರಲ್ಲ." ಆಮೇಲೆ ನನ್ನ ಮುಖ ನೋಡಿ, "ಮೊದಲನೇ ಮಗು ಎಷ್ಟು ದೊಡ್ಡದಿತ್ತು?" ಎಂದು ಕೇಳಿದರು.

ಅತ್ತೆ ಎರಡೂ ಕೈಗಳನ್ನು ಅಗಲಿಸಿ ತೋರಿಸಿದರು. ತೋರಿಸಿದ ಕೈಗಳನ್ನು ಕೆಳಗಿಳಿಸಲು ಮರೆತು ಹಾಗೇ ಹಿಡಿದುಕೊಂಡು ಕೂತರು. ಅವರಿಗೆ ಅರ್ಥವಾದದ್ದು ನನಗೆ ಆ ಕೈಗಳನ್ನು ನೋಡಿಯೇ ಗೊತ್ತಾಯಿತು. ಡಾಕ್ಟರಿಗೂ ಗೊತ್ತಾಗಿರಬೇಕು. "ಯಾರಿಗೂ ತಿಳಿದಿರ್ಲಿಲ್ಲ ಅಮ್ಮ, ಯಾರ ತಪ್ಪೂ ಅಲ್ಲ" ಎಂದು ಮೆಲ್ಲಗೆ ಹೇಳಿದರು. ಅತ್ತೆ ಆಗ ಕೈಗಳನ್ನು ಮಡಿಲಿಗೆ ಇಳಿಸಿಕೊಂಡರು.

ಆಮೇಲೆ ಪಥ್ಯದ ಮಾತು ಬಂತು. ಬೆಲ್ಲ, ಸಕ್ಕರೆ ಪೂರಾ ಬಂದ್. ಬಿಳಿ ಅನ್ನ ಬೇಡ. ತೌಡು ತೆಗೆಯದ ಕೆಂಪಕ್ಕಿ, ರಾಗಿ, ಹುರುಳಿಕಾಳು ಹಿತಮಿತವಾಗಿ. ಸೊಪ್ಪು, ಬಾಳೆದಿಂಡು, ಬಾಳೆಹೂವು ಬೇಕಾದಷ್ಟು.

"ತೌಡು ನಮ್ಮನೇಲಿ ದನಕ್ಕೆ ಹಾಕ್ತೀವಿ, ಡಾಕ್ಟ್ರಮ್ಮ" ಎಂದರು ಅತ್ತೆ. ಅಷ್ಟು ಹೊತ್ತಿಗೆ ಧ್ವನಿ ಸ್ವಲ್ಪ ವಾಪಸು ಬಂದಿತ್ತು.

"ನಿಮ್ಮ ದನಕ್ಕೆ ಸಕ್ಕರೆ ಕಾಯಿಲೆ ಇದ್ಯಾ?"

"ಇಲ್ಲ."

"ಮತ್ತೆ ನೋಡಿ! ತೌಡಲ್ಲಿ, ಸೊಪ್ಪಲ್ಲಿ, ದಿಂಡಲ್ಲಿ ನಾರಿರುತ್ತೆ. ನಾರಿದ್ರೆ ತಿಂದದ್ದು ನಿಧಾನ ಕರಗುತ್ತೆ. ಸಕ್ಕರೆ ಒಂದೇ ಸಲ ರಕ್ತಕ್ಕೆ ನುಗ್ಗಲ್ಲ, ಹೊಟ್ಟೇನೂ ತುಂಬಿರುತ್ತೆ. ದೊಡ್ಡ ಪುಸ್ತಕದಲ್ಲಿ ಇದನ್ನ ಇಷ್ಟು ಬರೆದಿಲ್ಲ. ಪಥ್ಯ ಮಾಡ್ದೋರನ್ನ ನೋಡಿ ನಾನು ತಿಳ್ಕೊಂಡದ್ದು. ದಿಂಡಿನ ನಾರನ್ನ ಅತಿಯಾಗಿ ತೆಗೀಬೇಡಿ."

ಇದು ಅತ್ತೆಗೆ ತೌಡಿಗಿಂತ ದೊಡ್ಡ ಪೆಟ್ಟು. ಬಾಳೆದಿಂಡನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚುವಾಗ ಪ್ರತಿ ಬಿಲ್ಲೆಯಿಂದಲೂ ನೂಲಿನಂಥ ಎಳೆ ಬರುತ್ತದೆ. ಅದನ್ನು ಬೆರಳಿಗೆ ಸುತ್ತಿ ಸುತ್ತಿ ತೆಗೆಯಬೇಕು. ಪಲ್ಯದಲ್ಲಿ ಒಂದು ಎಳೆ ಸಿಕ್ಕಿದರೂ ಮಾಡಿದ ಹೆಂಗಸಿನ ತವರುಮನೆಯವರೆಗೆ ಮಾತು ಹೋಗುತ್ತಿತ್ತು. ನಮ್ಮ ಅತ್ತೆಯ ದಿಂಡಿನ ಪಲ್ಯದಲ್ಲಿ ಎಳೆ ಹುಡುಕಿ ಸೋತವರ ಪೈಕಿ ಪುಷ್ಪಮ್ಮನೂ ಒಬ್ಬರು.

ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳಲು ಡಾಕ್ಟರು ಒಂದು ಬಾಟಲಿ ನೀಲಿ ಔಷಧಿ, ಒಂದು ಗಾಜಿನ ನಳಿಗೆ ಕೊಟ್ಟರು. ಕುದಿಸಿದ ಮೇಲೂ ನೀಲಿಯಾಗೇ ಉಳಿದರೆ ಒಳ್ಳೆಯದು; ಹಸಿರಾದರೆ ಊಟದ ಮೇಲೆ ಕಣ್ಣಿಡಬೇಕು; ಹಳದಿ, ಕೆಂಪಾದರೆ ಕೂಡಲೇ ಬರಬೇಕು. "ಜೋಪಾನ, ಶಿವಮೊಗ್ಗದಿಂದ ತರಿಸ್ಬೇಕು" ಎಂದರು. ಬಾಟಲಿಯನ್ನು ನನ್ನ ಗಂಡ ತೆಗೆದುಕೊಳ್ಳಲು ಹೋದರೆ ಅತ್ತೆ ಅವರ ಕೈಯಿಂದ ಕಿತ್ತು ಸೆರಗಲ್ಲಿ ಸುತ್ತಿಕೊಂಡರು. ತಂದಿದ್ದ ಜೋನಿಬೆಲ್ಲವನ್ನು ಡಾಕ್ಟರು ನಗುತ್ತಾ ಇಟ್ಟುಕೊಂಡರು. ತಾವು ಬಸುರಿಯಲ್ಲವಲ್ಲ ಎಂದರು.

ಅಂದಿನಿಂದ ನಮ್ಮ ಬಚ್ಚಲುಮನೆ ಆಸ್ಪತ್ರೆಯಾಯಿತು. ಇಂಥದ್ದನ್ನು ಅಡುಗೆ ಒಲೆಯ ಮೇಲೆ ಕಾಯಿಸುವುದುಂಟೇ? ಹಾಗಾಗಿ ಬೆಳಗಾದರೆ ಅತ್ತೆ ಬಚ್ಚಲೊಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ನಳಿಗೆಯನ್ನು ಇಕ್ಕಳದಲ್ಲಿ ಹಿಡಿದು ಕೆಂಡದ ಮೇಲೆ ಆಡಿಸುತ್ತಿದ್ದರು. ಆ ಹೊತ್ತಿನಲ್ಲಿ ಯಾರೂ ಮಾತಾಡುವ ಹಾಗಿಲ್ಲ. ಸ್ನಾನಕ್ಕೆಂದು ಬಂದ ಮಾವ ಪಂಚೆ ಹೆಗಲ ಮೇಲೆ ಹಾಕಿಕೊಂಡು ಹೊರಗೆ ಕಾಯಬೇಕು. ಆಮೇಲೆ ಒಳಗಿಂದ ಕೂಗು ಬರುತ್ತಿತ್ತು: "ಹಸ್ರು!" ಅಥವಾ, "ಹಸ್ರೇ, ಆದ್ರೆ ನಿನ್ನೆಗಿಂತ ತೆಳು!" ಓದು ಬಾರದ ಹೆಂಗಸು, ಹಸಿರಿನಲ್ಲಿ ನಾವು ಕಾಣದ ಎಷ್ಟೋ ಬಗೆಗಳನ್ನು ಕಂಡರು. ಒಂದು ದಿನ ಕೆಸುವಿನ ಎಲೆಯ ಹಸಿರು, ಇನ್ನೊಂದು ದಿನ ಒಂದೆಲಗದ ಹಸಿರು. ಪಥ್ಯವೂ ನಡೆಯುತ್ತಿತ್ತು, ಅರೆಮನಸ್ಸಿನಲ್ಲಿ. ಕೆಂಪಕ್ಕಿ ಬೇಯಿಸುತ್ತಿದ್ದರು, ಆದರೆ ಅದನ್ನು ಚೆನ್ನಾಗಿ ತಳಿಸಿ, ತೌಡು ತೆಗೆದು. ದಿಂಡಿನ ಪಲ್ಯ ಮಾಡುತ್ತಿದ್ದರು, ಆದರೆ ನಾರು ತೆಗೆದು. ಹೆಸರಿಗೆ ಒಂದೆರಡು ಎಳೆ ಬಿಡುತ್ತಿದ್ದರು, ಡಾಕ್ಟರು ಕೇಳಿದರೆ ಹೇಳಬಹುದಲ್ಲ ಎಂದು.

ಹೀಗಿರುವಾಗ ಒಂದು ದಿನ ನಡೆದದ್ದು ನಮಗೆ ಆಮೇಲೆ ಗೊತ್ತಾಯಿತು. ಆದರೂ ಈಗಲೇ ಹೇಳಿಬಿಡುತ್ತೇನೆ. ಅತ್ತೆ ಬಚ್ಚಲುಮನೆಯ ಗೂಡಿನಿಂದ ಸೀಗೆಪುಡಿ ತೆಗೆಯಲು ಹೋಗಿ, ಮೊಣಕೈ ತಾಗಿಸಿ, ನೀಲಿ ಬಾಟಲಿಯನ್ನು ಉರುಳಿಸಿದರು. ಬಾಟಲಿ ಒಡೆಯಲಿಲ್ಲ. ಒಳಗಿದ್ದ ಔಷಧಿ ಮಾತ್ರ ಬಚ್ಚಲಗುಂಡಿ ಸೇರಿತು. ಶಿವಮೊಗ್ಗದಿಂದ ತರಿಸುವ ಔಷಧಿ! ತಮ್ಮ ಅರ್ಧ ವಯಸ್ಸಿನ ಆ ಸಣ್ಣ ಡಾಕ್ಟರಿಗೆ ಏನು ಹೇಳುವುದು? ಮಗನಿಂದ ಕಿತ್ತುಕೊಂಡ ಬಾಟಲಿ ಬೇರೆ. ಅತ್ತೆ ಬೆವರಿ ಹೊರಗೆ ಬಂದರು. ಬಂದರೆ ಅಂಗಳದಲ್ಲಿ ಅಡಿಕೆಗೆ ಔಷಧಿ ಹೊಡೆಯುವ ತಯಾರಿ ನಡೆದಿತ್ತು. ಒಂದು ಹಂಡೆಯಲ್ಲಿ ಸುಣ್ಣ ಕರಗಿಸಿಟ್ಟಿದ್ದರು; ಇನ್ನೊಂದು ಮರದ ಪೀಪಾಯಿಯಲ್ಲಿ ಮೈಲುತುತ್ತ. ತಿಳಿಯಾಗಿ, ನೀಲಿಯಾಗಿ, ಆಸ್ಪತ್ರೆಯ ಬಾಟಲಿಗಿಂತ ಚೆಂದವಾಗಿ ಹೊಳೆಯುತ್ತಿತ್ತು.

ಆಳುಗಳು ಎಲೆಅಡಿಕೆ ಹಾಕಿಕೊಳ್ಳಲು ಕೂತ ಹೊತ್ತು ನೋಡಿ ಅತ್ತೆ ಒಂದು ಚೊಂಬು ಎತ್ತಿದರು. ಬಟ್ಟೆಯಲ್ಲಿ ಸೋಸಿ ಬಾಟಲಿಗೆ ತುಂಬಿದರು. ಸೋಸಿದ್ದನ್ನು ಅವರು ಆಮೇಲೆ ತಮ್ಮ ಪರವಾಗಿ ಹಲವು ಸಲ ಹೇಳಿಕೊಂಡಿದ್ದಾರೆ.

ಮರುದಿನ ಬಚ್ಚಲಿನಿಂದ ಬಂದ ಕೂಗಿಗೆ ಮಾಡಿನ ಮೇಲಿದ್ದ ಕಾಗೆ ಹಾರಿತು. "ನೀಲಿ! ಸರೋಜ, ನೀಲಿ ಕಣೇ!"

ಅದರ ಮರುದಿನವೂ ನೀಲಿ. ಅದರ ಮರುದಿನವೂ. ತಾವು ತುಂಬಿದ್ದು ಮೈಲುತುತ್ತ ಎಂಬುದನ್ನು ಅತ್ತೆ ಆ ಖುಷಿಯಲ್ಲಿ ನಿಜವಾಗಿಯೂ ಮರೆತುಬಿಟ್ಟರು ಎಂದೇ ನನ್ನ ನಂಬಿಕೆ. ನೀಲಿ ಎಂದರೆ ನೀಲಿ. ಅಂಗಳದ್ದಾದರೇನು, ಆಸ್ಪತ್ರೆಯದ್ದಾದರೇನು ಎಂದು ಮನಸ್ಸಿಗೆ ಸಮಾಧಾನ ಮಾಡಿಕೊಂಡಿದ್ದರು. ನೀಲಿ ಕಂಡವರಿಗೆ ಪಥ್ಯ ಯಾಕೆ? ಮೊದಲು ದೋಸೆಯ ಅಂಚಿಗೆ ಒಂದು ಚಮಚ ಜೋನಿಬೆಲ್ಲ ಬಂತು. ಬೆಳಿಗ್ಗೆ ನೋಡಿದರೆ ನೀಲಿ. ಆಮೇಲೆ ಹಲಸಿನಹಣ್ಣಿನ ಕಡುಬು ಬಂತು. ಆಗಲೂ ನೀಲಿ. ಕೆಂಪಕ್ಕಿ ಆಳುಗಳ ಕಣಜಕ್ಕೆ ಹಿಂದಿರುಗಿತು. ಪುಷ್ಪಮ್ಮ ಬಯಕೆ ಊಟಕ್ಕೆ ಕರೆದರೆ, "ಬರ್ತಾಳೆ, ಎಂತ ಬೇಕಾದ್ರೂ ಮಾಡು" ಎಂದರು. ಹೋಳಿಗೆ, ಕಾಯಿಹಾಲು, ಮೇಲೆ ಪಾಯಸ. ಮರುದಿನವೂ ಆಕಾಶದಂಥ ನೀಲಿ.

ನನಗೆ ಮಾತ್ರ ಬಾಯಾರಿಕೆ ತಡೆಯಲಾಗುತ್ತಿರಲಿಲ್ಲ. ಕೊಡಗಟ್ಟಲೆ ನೀರು ಕುಡಿಯುತ್ತಿದ್ದೆ. ಕಾಲೆತ್ತಿಡುವುದು ಕಷ್ಟವಾಗಿತ್ತು. ಹೊಟ್ಟೆ ಮತ್ತೆ ಹಿಂದಿನ ಸಲದ ಹಾಗೆ ಬೆಳೆಯುತ್ತಿರುವುದು ನನಗೆ ಗೊತ್ತಾಗುತ್ತಿತ್ತು. ರಾತ್ರಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಇದೂ ಅಳದೇ ಹೋದರೆ ಎಂದು ಹೆದರಿ ಮಲಗುತ್ತಿದ್ದೆ. ಒಂದು ದಿನ ಬಾಯಿಬಿಟ್ಟು ಹೇಳಿದೆ, "ಅತ್ತೆಮ್ಮ, ನಂಗೆ ಯಾಕೋ ಸರಿ ಇಲ್ಲ."

"ನೀಲಿ ಬರ್ತಿದೆಯಲ್ಲೇ, ಇನ್ನೆಂತ ಆಗ್ಬೇಕು?" ಎಂದರು ಅತ್ತೆ, ಬಾಟಲಿಯ ಮೇಲೆ ಆಣೆ ಇಟ್ಟವರಂತೆ.

ಮುಂದಿನ ಸಲ ಡಾಕ್ಟರಿಗೆ ತೋರಿಸಲು ತೀರ್ಥಹಳ್ಳಿಗೆ ಹೋಗುವಾಗ ಅವರು ಬಾಟಲಿಯನ್ನೂ ಕೈಚೀಲದಲ್ಲಿ ಇಟ್ಟುಕೊಂಡರು. ಎಷ್ಟು ಜೋಪಾನವಾಗಿ ಬಳಸಿದ್ದೇವೆ, ಇನ್ನೂ ಮುಕ್ಕಾಲು ಉಳಿದಿದೆ ಎಂದು ತೋರಿಸಲು! ಬಸ್ಸಿನಲ್ಲಿ ಪರಿಚಯವಿಲ್ಲದ ಹೆಂಗಸೊಬ್ಬರಿಗೂ ತೆಗೆದು ತೋರಿಸಿದರು.

ಡಾಕ್ಟರು ನನ್ನನ್ನು ನೋಡಿದ ಕೂಡಲೇ ಹುಬ್ಬು ಗಂಟಿಕ್ಕಿದರು. ಪರೀಕ್ಷೆ ಮಾಡಿದರು. ನಳಿಗೆಯ ಔಷಧಿ ನಿಲ್ಲದೆ ನೇರವಾಗಿ ಹೆಂಚಿನ ಬಣ್ಣಕ್ಕೆ ಹೋಯಿತು.

"ಮನೇಲಿ ಏನು ಬರ್ತಿತ್ತು?"

"ನೀಲಿ" ಎಂದರು ಅತ್ತೆ. ಧ್ವನಿ ಸಣ್ಣದಾಗಿತ್ತು.

ಡಾಕ್ಟರು ಬಾಟಲಿ ಕೇಳಿ ತೆಗೆದುಕೊಂಡರು. ಇನ್ನೊಂದು ನಳಿಗೆಗೆ ಅದರಿಂದ ಹಾಕಿ, ಅದೇ ಮೂತ್ರ ಬಿಟ್ಟು ಕುದಿಸಿದರು. ಅದು ನೀಲಿಯಾಗೇ ಉಳಿಯಿತು. ಎರಡು ನಳಿಗೆಗಳನ್ನೂ ಪಕ್ಕಪಕ್ಕ ನಿಲ್ಲಿಸಿದರು. ಒಂದು ಕೆಂಪು, ಒಂದು ನೀಲಿ. "ಇದು ನಾನು ಕೊಟ್ಟ ಔಷಧಿ ಅಲ್ಲ" ಎಂದರು.

ನನ್ನ ಗಂಡ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ತೋಟಕ್ಕೆ ಔಷಧಿ ಹೊಡೆಸುವವರು ಆ ನೀಲಿಯನ್ನು ಗುರುತಿಸದೆ ಇರುತ್ತಾರೆಯೇ? "ಅವ್ವ, ಇದು ಮೈಲುತುತ್ತ ಅಲ್ವನೇ?"

ಅತ್ತೆ ಎಲ್ಲ ಹೇಳಿದರು. ಮೊಣಕೈ ತಾಗಿದ್ದು, ಚೊಂಬು, ಬಟ್ಟೆಯಲ್ಲಿ ಸೋಸಿದ್ದು. ಸೋಸಿದ್ದನ್ನು ಎರಡು ಸಲ ಹೇಳಿದರು. ನನ್ನ ಗಂಡ ತಾಯಿಯ ಮೇಲೆ ಧ್ವನಿ ಎತ್ತಿದ್ದು ನಾನು ಕಂಡದ್ದು ಅದೊಂದೇ ಸಲ. "ಒಂದು ಮಗು ಹೋದದ್ದು ಸಾಲ್ದಾಯ್ತಾ ನಿಂಗೆ?" ಎಂದುಬಿಟ್ಟರು. ನನಗೂ ಸಿಟ್ಟು ಬಂದಿತ್ತು, ಇಲ್ಲವೆಂದರೆ ಸುಳ್ಳು. ಆದರೆ ಅತ್ತೆಯ ಮುಖ ನೋಡಿದ ಮೇಲೆ ಆ ಸಿಟ್ಟನ್ನು ಇಟ್ಟುಕೊಳ್ಳಲು ನನ್ನಲ್ಲಿ ಜಾಗವಿರಲಿಲ್ಲ. ಅಷ್ಟು ದೊಡ್ಡ ಹೆಂಗಸು ಆ ಬೆಂಚಿನ ಮೇಲೆ ಇಷ್ಟೇ ಇಷ್ಟಾಗಿ ಕೂತಿದ್ದರು.

ಡಾಕ್ಟರು ಬಾಟಲಿಗೆ ಮುಚ್ಚಳ ಹಾಕಿ ಅತ್ತೆಯ ಕೈಗೇ ಕೊಟ್ಟರು. "ಇದನ್ನ ಅಡಿಕೆ ಮರಕ್ಕೆ ಹಾಕಿ, ಕೊಳೆರೋಗ ಬರಲ್ಲ. ನಮ್ಮ ಔಷಧೀಲೂ ಮೈಲುತುತ್ತ ಇದೆ. ಅದೊಂದೇ ಇದ್ರೆ ಕೆಲಸ ಮಾಡಲ್ಲ ಅಷ್ಟೇ" ಎಂದರು. ಆಮೇಲೆ ನಗು ಬಿಟ್ಟು ಹೇಳಿದರು, "ಇನ್ನು ಸ್ವಲ್ಪ ದಿನ ನೋಡ್ತೀನಿ. ಪಥ್ಯದಲ್ಲಿ ಇಳಿದ್ರೆ ಸರಿ. ಇಳೀದಿದ್ರೆ ಇಂಜೆಕ್ಷನ್, ದೊಡ್ಡಾಸ್ಪತ್ರೆ. ಆಗ ಮಗು ಉಳಿಯುತ್ತೆ ಅಂತ ನಾನು ಮಾತು ಕೊಡೋಕಾಗಲ್ಲ." ಹೊಸ ಬಾಟಲಿಯನ್ನು ನನ್ನ ಗಂಡ ತೆಗೆದುಕೊಂಡರು. ಅತ್ತೆ ಕೈ ಚಾಚಲಿಲ್ಲ.

ಮನೆಗೆ ಬಂದವರೇ ಅತ್ತೆ ಸೀರೆ ಬದಲಿಸದೆ ಜೋನಿಬೆಲ್ಲದ ಮಡಕೆಗಳನ್ನು ಅಟ್ಟ ಹತ್ತಿಸಿ ಏಣಿ ತೆಗೆದಿಟ್ಟರು. ಮರುದಿನದಿಂದ ಒನಕೆ ಹಿಡಿದು ನನಗೆ ಬೇಕಾದಷ್ಟು ಭತ್ತವನ್ನು ತಾವೇ ಕುಟ್ಟಿದರು. ಆಳುಗಳು ಕುಟ್ಟಿದರೆ ತೌಡು ಜಾಸ್ತಿ ಹೋಗುತ್ತದಂತೆ. ಬಿಳಿ ಅಕ್ಕಿಯ ಕಣಜದ ಕಡೆ ತಿರುಗಿ ನೋಡಲಿಲ್ಲ. ಬಾಳೆದಿಂಡನ್ನು ಎಳೆ ತೆಗೆಯದೆ ಹೆಚ್ಚಿ ಹಾಕಿದರು. ಅದನ್ನು ಅಗಿದು ಅಗಿದು ನನ್ನ ದವಡೆ ಸೋತರೆ ಎದುರಿಗೆ ಕೂತು, "ಅಗಿ, ಹಸುವಿನ ಹಂಗೆ ಅಗಿ" ಎನ್ನುತ್ತಿದ್ದರು. ಹುರುಳಿ, ಮೆಂತ್ಯ, ಬಾಳೆಹೂವು, ಬೇಲಿಯ ಮೇಲಿನ ಸೊಪ್ಪು ಯಾವುದನ್ನೂ ಬಿಡಲಿಲ್ಲ. ನಾನು ಇನ್ನೊಂದು ತುತ್ತು ಅನ್ನ ಕೇಳಿದರೆ ಸೌಟನ್ನು ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದರು. ಬಡಿಸುವ ಕೈಯನ್ನು ತಡೆದು ಹಿಡಿಯುವುದು ಅವರಿಗೆ ಎಷ್ಟು ಕಷ್ಟವಾಗುತ್ತಿತ್ತು ಎಂಬುದು ಕಾಣುತ್ತಿತ್ತು. ಒಂದೊಂದು ಸಲ ಸೌಟು ಅರ್ಧದಾರಿಗೆ ಬಂದು ಹಿಂದೆ ಹೋಗುತ್ತಿತ್ತು.

ಕಷ್ಟವಾದದ್ದು ಊರಿನ ಹೆಂಗಸರಿಂದ. ಬಸುರಿಗೆ ತಂದ ತಿಂಡಿಯನ್ನು ಬೇಡ ಅನ್ನುವುದು ನಮ್ಮಲ್ಲಿ ಮನೆಗೆ ಬಂದವರ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ನಿಜ ಹೇಳೋಣವೆಂದರೆ, ಸಕ್ಕರೆ ಕಾಯಿಲೆಯ ಸೊಸೆ ಎಂದು ನನಗೆ ಹೆಸರು ಬೀಳುತ್ತದೆ. ಮೊದಲ ಮಗು ಹೋದದ್ದೂ ನನ್ನಿಂದಲೇ ಎಂದು ನಾಲಿಗೆ ಹೊರಳುತ್ತದೆ. ಅದಕ್ಕೆ ಅತ್ತೆ ಒಂದು ಉಪಾಯ ಹುಡುಕಿದರು. ಯಾರು ಏನೇ ತರಲಿ, ನನ್ನ ಕೈಗೆ ಬರುವ ಮೊದಲೇ ತಾವು ಇಸಿದುಕೊಂಡು, "ನಂಗೆ ಬಾಯಿಚಪಲ ಮಾರಾಯ್ತಿ" ಎಂದು ಅಲ್ಲೇ ನಿಂತು ತಿಂದು ಮುಗಿಸುತ್ತಿದ್ದರು. ಕಜ್ಜಾಯ, ತಂಬಿಟ್ಟು, ಎಳ್ಳುಂಡೆ, ಒಂದು ತಟ್ಟೆ ಹಲ್ವ. ಪುಷ್ಪಮ್ಮ ನನಗೆಂದು ತಂದು, ನನ್ನ ಬಾಯಿಯ ಹತ್ತಿರ ಹಿಡಿದ ಹೋಳಿಗೆಯನ್ನು ಅತ್ತೆ ನಡುವೆ ಕೈಹಾಕಿ ತೆಗೆದು ನುಂಗಿದ ದಿನ, ಪುಷ್ಪಮ್ಮ ಕೈ ಹಾಗೇ ಹಿಡಿದುಕೊಂಡು ನಿಂತುಬಿಟ್ಟರು.

ಅಂದು ಸಂಜೆಗೆ ಊರೆಲ್ಲ ಸುದ್ದಿ. ಅನ್ನ ಹಾಕುವುದರಲ್ಲಿ ಹೆಸರಾದ ವರದಮ್ಮ ಬಸುರಿ ಸೊಸೆಗೆ ಆಳಿನ ಅಕ್ಕಿ ಬೇಯಿಸಿ ಹಾಕುತ್ತಾಳಂತೆ. ನಾರು ತೆಗೆಯದ ದಿಂಡು ಹಾಕುತ್ತಾಳಂತೆ. ಸೊಸೆಯ ಬಾಯಿಂದ ಕಿತ್ತು ತಾನು ತಿ‌ನ್ನುತ್ತಾಳಂತೆ. ನೀರು ತರುವಲ್ಲಿ, ಸೊಪ್ಪು ಕೊಯ್ಯುವ ಬೆಟ್ಟದಲ್ಲಿ, ಮದುವೆಮನೆಯಲ್ಲಿ ಇದೇ ಮಾತು. ಅತ್ತೆಗೆ ಎಲ್ಲವೂ ಕೇಳುತ್ತಿತ್ತು. ಊಟಕ್ಕೆ ಬರುವವರೂ ಕಮ್ಮಿಯಾದರು. ನಾನು ಒಮ್ಮೆ, "ಹೇಳಿಬಿಡಿ ಅತ್ತೆಮ್ಮ, ನಂಗೇನೂ ಬೇಜಾರಿಲ್ಲ" ಎಂದೆ. "ನಿಂಗೆ ಬೇಜಾರಿಲ್ದೇ ಇರ್ಬೌದು, ನಂಗಿದೆ" ಎಂದು ಒನಕೆ ಎತ್ತಿಕೊಂಡರು. ನನ್ನ ಹೆತ್ತ ತಾಯಿ ಇದ್ದಿದ್ದರೂ ನನಗಾಗಿ ಇಷ್ಟು ಕೆಟ್ಟ ಹೆಸರು ಹೊರುತ್ತಿದ್ದಳೋ ಇಲ್ಲವೋ.

ಈಗ ನಳಿಗೆ ಹಿಡಿಯುತ್ತಿದ್ದವರು ನನ್ನ ಗಂಡ. ಅತ್ತೆ ಬಚ್ಚಲ ಬಾಗಿಲ ಹೊರಗೆ, ಮಾವನ ಪಕ್ಕದಲ್ಲಿ ನಿಂತು ಕಾಯುತ್ತಿದ್ದರು. ಮೊದಲು ಹಳದಿ ಕೇಳಿಬಂತು, ಆಮೇಲೆ ಹಸಿರು. ಹಸಿರು ದಿನದಿಂದ ದಿನಕ್ಕೆ ತೆಳುವಾಯಿತು. ಒಂದು ಬೆಳಿಗ್ಗೆ ನನ್ನ ಗಂಡ ನೀಲಿ ಎಂದಾಗ ಅತ್ತೆ ಕೂಗಲಿಲ್ಲ. ಒಳಗೆ ಹೋಗಿ ಬಾಟಲಿಯನ್ನು ಮೂಸಿ ನೋಡಿ ಬಂದರು. ಡಾಕ್ಟರೂ ಪರೀಕ್ಷೆ ಮಾಡಿ, ಇಂಜೆಕ್ಷನ್ ಬೇಡ ಎಂದರು.

ಹೆರಿಗೆಗೆ ತೀರ್ಥಹಳ್ಳಿಯ ಆಸ್ಪತ್ರೆಗೇ ಹೋದೆವು. ಹೆಣ್ಣುಮಗು. ಹೊರಗೆ ಬಂದ ಕೂಡಲೇ ಮೈಯೆಲ್ಲ ಕೆಂಪು ಮಾಡಿಕೊಂಡು ಕಿರುಚಿತು. ಬಾಗಿಲ ಹೊರಗೆ ಅತ್ತೆ ದೊಪ್ಪನೆ ನೆಲಕ್ಕೆ ಕೂತದ್ದನ್ನು ನನ್ನ ಗಂಡ ಈಗಲೂ ಹೇಳುತ್ತಾರೆ. ಮೂರ್ಛೆ ಹೋದರೋ ಎಂದು ನರ್ಸು ಓಡಿಬಂದಳಂತೆ. ಅತ್ತೆ ಅವಳ ಕೈ ತಳ್ಳಿ, "ಸುಮ್ನಿರು, ನಂಗೆ ಕೇಳ್ಬೇಕು" ಎಂದರಂತೆ.

ಎರಡು ದಿನದ ಮೇಲೆ ಪುಷ್ಪಮ್ಮ ಊರಿನ ಇಬ್ಬರು ಹೆಂಗಸರನ್ನು ಕಟ್ಟಿಕೊಂಡು ನೋಡಲು ಬಂದರು. ಅತ್ತೆಯ ಮಡಿಲಲ್ಲಿ ಮಗು ಅಳುತ್ತಿತ್ತು. ನೋಡಲು ಸಾಧಾರಣ ಮಗು. ನಮ್ಮೂರಿನ ಕಣ್ಣಿಗೆ ಸಣ್ಣದೇ. ಪುಷ್ಪಮ್ಮ ಬಟ್ಟೆ ಸರಿಸಿ ಅದರ ಕೈಕಾಲು ನೋಡಿದರು. ಆಮೇಲೆ ಇಷ್ಟು ದಿನ ಊರು ಆಡಿಕೊಂಡದ್ದನ್ನು ಎಲ್ಲರ ಎದುರಿಗೇ ಕೇಳಿದರು.

"ಎಷ್ಟ್ ಸಣ್ಣ ಆಗೋಯ್ತು ಮಗು! ಬಸುರಿಗೆ ಹೊಟ್ಟೆ ತುಂಬ ಹಾಕ್ಲಿಲ್ವ ವರದಕ್ಕ?"

ನಾನು ಹಾಸಿಗೆಯಲ್ಲಿ ಎದ್ದು ಕೂತೆ. ಇನ್ನು ನಾನೇ ಎಲ್ಲ ಹೇಳಿಬಿಡುತ್ತೇನೆ ಎಂದು ಬಾಯಿ ತೆರೆದೆ. ಅತ್ತೆ ನನ್ನ ಕಡೆ ನೋಡಲೂ ಇಲ್ಲ.

"ಇಲ್ಲ ಕಣೇ ಪುಷ್ಪ, ಹಾಕ್ಲಿಲ್ಲ" ಎಂದರು. "ಮೊದಲ್ನೇದಕ್ಕೆ ಹಾಕಿದ್ದೆ."

ಪುಷ್ಪಮ್ಮ ಸರಿಸಿದ ಬಟ್ಟೆಯನ್ನು ಮಗುವಿಗೆ ಮತ್ತೆ ಹೊದಿಸಿದರು. ಮಗುವಿನ ಅಳು ಜೋರಾಗಿ ಆಚೆ ವಾರ್ಡಿನವರೆಗೂ ಹೋಗುತ್ತಿತ್ತು. ನಾನು ಹಾಲು ಕೊಡಲೆಂದು ಕೈ ಚಾಚಿದರೆ ಅತ್ತೆ ಕೊಡಲಿಲ್ಲ. "ತಡಿ, ಇನ್ನೊಂಚೂರು ಅಳ್ಲಿ" ಎಂದರು.